ಹಲ್ಲು ಒಪ್ಪಿದರೆ ಊಟ

ಕೆಲವರಿಗೆ ದಾರಿಯಲ್ಲಿ ದುಡ್ಡು ಸಿಗುತ್ತದಂತೆ. ನನಗೆ ಸಿಗುವುದು ಇಂಥ ಪ್ರಸಂಗಗಳು ಮಾತ್ರ, ಅದರಲ್ಲೂ ಈಚೆಗೆ ಸಿಕ್ಕಿದ್ದೆಲ್ಲ ಬಾಯಿಗೆ ಸಂಬಂಧಿಸಿದ್ದೇ.

ಇಂಜಿನಿಯರ್ ಕೆಲಸದಿಂದ ನಿವೃತ್ತನಾಗಿ ಅಮೆರಿಕದ ಪ್ಲೇನ್‌ಫೀಲ್ಡಿನ ಮನೆಯಲ್ಲಿ ಕಾಲು ಚಾಚಿ ಕೂತೆ ಅನ್ನುವಷ್ಟರಲ್ಲಿ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಅಂದರು. ರಿಸೆಷನ್ ಬಂತು ಅಂತ ಊರಿಗೆ ಊರೇ ತಲೆ ಮೇಲೆ ಕೈ ಹೊತ್ತಿದ್ದ ಕಾಲ. ನಾನು ರೇಡಿಯೇಷನ್ ಮೇಜಿನ ಮೇಲೆ ಅಂಗಾತ ಮಲಗಿದ್ದೆ. ಕ್ಯಾನ್ಸರ್ ಹೋಯಿತು. ಹೋಗುವಾಗ ಬಾಯಿಯ ಜೊಲ್ಲನ್ನೂ ಜೊತೆಗೆ ಕರಕೊಂಡು ಹೋಯಿತು. ಜೊಲ್ಲು ಇರುವುದು ಎಳೆ ಮಕ್ಕಳು ಅಂಗಿ ಒದ್ದೆ ಮಾಡಿಕೊಳ್ಳಲಿಕ್ಕೆ ಅಂತ ನಾನು ತಿಳಿದಿದ್ದೆ. ಹಲ್ಲನ್ನು ಕಾಯುತ್ತಿದ್ದದ್ದು ಅದೇ ಅಂತ ಆಮೇಲೆ ಗೊತ್ತಾಯಿತು. ಈಗ ಬಿಸಿ ತಾಗಿದರೆ ಜುಂ, ತಣ್ಣಗಿನದು ತಾಗಿದರೆ ಜುಂ, ಹುಳಿಗೆ ಜುಂ, ಸಿಹಿಗೂ ಜುಂ.

ಡಾಕ್ಟರು ಎರಡು ಮಾತು ಹೇಳಿ ಕಳಿಸಿದ್ದರು. ರೇಡಿಯೇಷನ್ ಬಿದ್ದ ದವಡೆಯಿಂದ ಹಲ್ಲು ಕೀಳಿಸಬಾರದು, ಕಿತ್ತರೆ ಮೂಳೆ ಮಾಯುವುದು ಕಷ್ಟ. ಮತ್ತೆ, ತೂಕ ಇನ್ನೂ ಇಳಿದರೆ, ಚಿಕಿತ್ಸೆಯ ಕಾಲದಲ್ಲಿ ಊಟಕ್ಕೆ ಅಂತ ಹಾಕಿ ಆಮೇಲೆ ತೆಗೆದ ಟ್ಯೂಬನ್ನು ವಾಪಸ್ ಹೊಟ್ಟೆಗೆ ಹಾಕಬೇಕಾಗುತ್ತದೆ. ಅಂದರೆ ಇದೇ ಹಲ್ಲಿನಲ್ಲಿ ತಿನ್ನಬೇಕು, ತಿನ್ನಲೇಬೇಕು. ತಿಂಗಳುಗಟ್ಟಲೆ ಆ ಟ್ಯೂಬಿನಲ್ಲಿ ಡಬ್ಬದ ದ್ರವ ಇಳಿಸಿಕೊಂಡವನಿಗೆ ಜೀವನದಲ್ಲಿ ಬೇರೆ ಹೆದರಿಕೆ ಅಂತ ಒಂದು ಉಳಿಯುವುದಿಲ್ಲ.

ಹುಳಿ ಬಿಡುವುದು

ಓಕ್ ಬ್ರೂಕಿನಲ್ಲಿ ನನ್ನ ಹಲ್ಲು ನೋಡುವ ಡಾಕ್ಟರಮ್ಮ ಚಿಕ್ಕ ವಯಸ್ಸಿನ ಅಮೆರಿಕನ್ ಹೆಂಗಸು, ಬಹಳ ಸಮಾಧಾನಿ. ಹುಳಿ ಹಲ್ಲಿನ ಮೇಲ್ಪದರವನ್ನು ತಿಂದುಬಿಡುತ್ತದೆ, ನಿಮಗಂತೂ ಜೊಲ್ಲೂ ಇಲ್ಲ, ಆದ್ದರಿಂದ ಹುಳಿ ಪದಾರ್ಥ ಬಿಡಬೇಕು ಅಂದಳು. ಆಗಲಿ ಅಂದೆ. ಬೆಳಗ್ಗೆಯಿಂದ ರಾತ್ರಿವರೆಗೆ ಏನು ತಿನ್ನುತ್ತೀರಿ, ಒಂದೊಂದಾಗಿ ಹೇಳಿ ಅಂದಳು.

ದೋಸೆ ಅಂದೆ. ಅದು ಹೇಗೆ ಮಾಡುತ್ತೀರಿ ಅಂದಳು. ರುಬ್ಬಿ ಹುಳಿ ಬರಿಸುತ್ತೇವೆ ಅಂದೆ. ಸಾರು? ಹುಣಸೆಹಣ್ಣು. ಚಿತ್ರಾನ್ನ? ನಿಂಬೆಹಣ್ಣು. ಗೊಜ್ಜಿನ ಹೆಸರೆತ್ತುವಷ್ಟರಲ್ಲಿ ನನಗೇ ನಾಚಿಕೆಯಾಯಿತು. ಉಪ್ಪಿನಕಾಯಿಯ ಸುದ್ದಿಗೆ ಹೋಗಲಿಲ್ಲ. ಡಾಕ್ಟರಮ್ಮ ಕೈಗವಸು ಬಿಚ್ಚಿಟ್ಟು, ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿಯ ಕಡೆ ತಿರುಗಿ, ನಿಮ್ಮ ಅಡುಗೆಮನೆಯಲ್ಲಿ ಹುಳಿ ಅಲ್ಲದ್ದು ಏನಾದರೂ ಇದೆಯಾ ಅಂತ ಕೇಳಿದಳು.

ನನ್ನ ಹೆಂಡತಿ ತುಂಬ ಹೊತ್ತು ಯೋಚನೆ ಮಾಡಿದಳು. "ಹಾಲಿದೆ," ಅಂದಳು. "ಆದರೆ ಅದಕ್ಕೂ ರಾತ್ರಿ ಹೆಪ್ಪು ಹಾಕಿಬಿಡ್ತೀವಿ."

ಆರಿದ ಕಾಫಿ

ನಮ್ಮ ಸಬ್‌ಡಿವಿಷನ್ ಅನ್ನುವ ಬಡಾವಣೆಯಲ್ಲಿ ಮೈಸೂರಿನ ಗಂಡ ಹೆಂಡತಿ ಇದ್ದಾರೆ, ಇಬ್ಬರೂ ಐಟಿ. ಒಂದು ಶನಿವಾರ ಅವರ ಮನೆಗೆ ಹೋದಾಗ ಆಕೆ ಹೊಗೆಯಾಡುವ ಫಿಲ್ಟರ್ ಕಾಫಿ ತಂದಿಟ್ಟಳು. ಕೊಟ್ಟ ಕಾಫಿ ಬೇಡ ಅಂದರೆ ನಮ್ಮವರಲ್ಲಿ ಜಗಳ ಬಂದ ಹಾಗೆ. ಬೇಡ ಅನ್ನುವುದೇಕೆ? ಕಾಫಿಯಲ್ಲಿ ಹಾಲಿದೆ, ಹಾಲಿನಲ್ಲಿ ಕ್ಯಾಲೊರಿ ಇದೆ, ಕ್ಯಾಲೊರಿ ಅಂದರೆ ತೂಕ. ಉಗುರು ಬೆಚ್ಚಗಾದ ಮೇಲೆ ಕುಡಿದರಾಯಿತು ಅಂತ ಮುಂದಿಟ್ಟುಕೊಂಡು ಮಾತಿಗೆ ಕೂತೆ.

ಸರಿಯಾದ ಬಿಸಿಗೆ ಬಂತು ಅಂತ ಲೋಟಕ್ಕೆ ಕೈ ಹಾಕಿದರೆ, "ಅಯ್ಯೋ, ಆರಿಹೋಯ್ತಲ್ಲ ಅಂಕಲ್, ಕೊಡಿ," ಅಂತ ಆಕೆ ಒಯ್ದು ಮೈಕ್ರೋವೇವಿನಲ್ಲಿ ಕುದಿಸಿ ತಂದಳು. ಮತ್ತೆ ಕಾದೆ. ಅವಳೂ ಕಾದಿದ್ದಳು ಅಂತ ಕಾಣುತ್ತದೆ, ಬೆಚ್ಚಗಾದ ಕೂಡಲೆ ಮತ್ತೆ ಒಯ್ದಳು. ಕಡೆಗೆ ನನಗೆ ಸಾಕಾಯಿತು. ಅಮ್ಮಾ, ನನ್ನ ಹಲ್ಲಿಗೆ ಬಿಸಿ ಆಗಲ್ಲ, ಹಾಗೇ ಬಿಡು ಅಂತ ಕೈ ಮುಗಿದೆ. ಆಕೆಗೆ ಪಾಪ ಕಣ್ಣಲ್ಲಿ ನೀರೇ ಬಂತು. ಮೊದಲೇ ಹೇಳಬಾರದಿತ್ತಾ ಅಂತ ನೊಂದುಕೊಂಡು ಒಳಗೆ ಹೋದವಳು, ಅದೇ ಕಾಫಿಗೆ ಐಸ್ ತುಂಬಿ ತಂದಳು.

ಗಂಡ ನನ್ನ ಕಡೆ ಬಗ್ಗಿ ಮೆಲ್ಲಗೆ ಅಂದ: "ಬೇಗ ಕುಡಿದುಬಿಡಿ ಅಂಕಲ್. ಐಸ್ ಕರಗಿದರೆ ಮತ್ತೆ ತುಂಬ್ತಾಳೆ."

ಹೂಂ

ಹಲ್ಲು ಉಳಿಸಿಕೊಳ್ಳಲಿಕ್ಕೆ ಅಂತ ಡಾಕ್ಟರಮ್ಮ ನನ್ನ ಹಲ್ಲಿನ ಅಳತೆಗೇ ಪ್ಲಾಸ್ಟಿಕ್ ಅಚ್ಚು ಮಾಡಿಸಿಕೊಟ್ಟಿದ್ದಾಳೆ, ಮೇಲಕ್ಕೊಂದು ಕೆಳಕ್ಕೊಂದು. ಅದರೊಳಗೆ ಫ್ಲೋರೈಡ್ ಜೆಲ್ ಸವರಿ ದಿನಾ ಹತ್ತು ನಿಮಿಷ ಕಚ್ಚಿ ಹಿಡಿಯಬೇಕು. ಅಷ್ಟು ಹೊತ್ತು ಮಾತು ಬಂದ್. ನನ್ನನ್ನು ಬಲ್ಲವರಿಗೆ ಇದು ಕ್ಯಾನ್ಸರಿಗಿಂತ ದೊಡ್ಡ ಸುದ್ದಿ. ನನ್ನ ಹೆಂಡತಿಯಂತೂ ಮುಖ್ಯವಾದ ವಿಷಯವನ್ನೆಲ್ಲ ಆ ಹೊತ್ತಿಗೇ ಎತ್ತಿಡುತ್ತಾಳೆ. ಸೋಫಾದ ಬಣ್ಣ ಹಾಗೇ ತೀರ್ಮಾನವಾದದ್ದು.

ಒಂದು ಸಂಜೆ ಅಚ್ಚು ಕಚ್ಚಿಕೊಂಡು ಕೂತಿದ್ದಾಗ ಡೆಟ್ರಾಯಿಟ್ ಕಡೆಯಿಂದ ಫೋನ್ ಬಂತು. ಹಿಂದೆ ನನ್ನ ಕೈಕೆಳಗೆ ಕೆಲಸ ಮಾಡಿದ ಧಾರವಾಡದ ಹುಡುಗ. ಈಗ ಹುಡುಗನೇನಲ್ಲ, ಇಬ್ಬರು ಮಕ್ಕಳ ತಂದೆ. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿದ್ದ. ಹೆಂಡತಿ ಫೋನಿನ ಸ್ಪೀಕರ್ ಹಾಕಿ ನನ್ನ ಮುಂದಿಟ್ಟು, ಇದ್ದಾರೆ ಮಾತಾಡಪ್ಪ ಅಂತ ಹೇಳಿ ಚಪಾತಿ ಹಿಟ್ಟಿಗೆ ಹೊರಟುಹೋದಳು.

"ಸರ್, ನೌಕ್ರಿ ಹೋತ್ರಿ," ಅಂದ.

ಬಾಯಲ್ಲಿ ಜೆಲ್. ಹೂಂ ಅಂದೆ. ಅವನು ಹೇಳುತ್ತಾ ಹೋದ. ಮನೆ ಮಾರುವುದಕ್ಕೆ ಹೋದರೆ ಕೊಳ್ಳುವವರಿಲ್ಲ, ವೀಸಾದ ಚಿಂತೆ, ಊರಿಗೆ ಹೋಗೋಣ ಅಂದರೆ ಹೆಂಡತಿ ಒಪ್ಪುತ್ತಾಳೋ ಇಲ್ಲವೋ. ಎಲ್ಲದಕ್ಕೂ ಹೂಂ, ಒಂದು ಕಡೆ ಉಹೂಂ. ನನ್ನ ಬಳಿ ಆಗಲೇ ಸಲಹೆಗಳ ದೊಡ್ಡ ರಾಶಿ ಸಿದ್ಧವಾಗಿ ಕೂತಿತ್ತು, ಅಚ್ಚು ತೆಗೆದ ಕೂಡಲೆ ಸುರಿಯಬೇಕು ಅಂತ. ಅಷ್ಟರಲ್ಲಿ ಅವನೇ, ಹೆಂಡತಿಗೆ ಇವತ್ತೇ ಹೇಳಿಬಿಡುತ್ತೇನೆ, ನಾಳೆಯಿಂದ ಬೇರೆ ಕಂಪನಿಗಳಿಗೆ ಅಪ್ಲೈ ಮಾಡುತ್ತೇನೆ ಅಂತ ತೀರ್ಮಾನಕ್ಕೆ ಬಂದುಬಿಟ್ಟ. ದನಿ ಹಗುರಾಗಿತ್ತು.

"ಸರ್, ಇಷ್ಟ ವರ್ಷದಾಗ ನೀವು ಭಾಳ ಸಲಹಾ ಕೊಟ್ಟೀರಿ," ಅಂದ. "ಉಪಯೋಗ ಬಿದ್ದದ್ದು ಇದೊಂದ ನೋಡ್ರಿ."

ಮೊದಲ ತುತ್ತು

ಧಾರವಾಡದ ಹುಡುಗನಿಗೆ ಕಡೆಗೂ ಕೆಲಸ ಸಿಕ್ಕಿತು. ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡು, ನೀವು ಬರದಿದ್ದರೆ ಆಗೋದೇ ಇಲ್ಲ ಅಂದ. ಹೋಗುವ ಮನಸ್ಸಿರಲಿಲ್ಲ. ಮುಂದಿನ ವಾರ ಆಸ್ಪತ್ರೆಯಲ್ಲಿ ತೂಕ ನೋಡುವುದಿತ್ತು, ಪ್ಯಾಂಟು ಬೆಲ್ಟಿನ ದಯೆಯಿಂದ ನಿಂತಿತ್ತು. ಈ ಸಲ ಟ್ಯೂಬ್ ತಪ್ಪಿದ್ದಲ್ಲ ಅಂತ ನಾವಿಬ್ಬರೂ ಬಾಯಿಬಿಟ್ಟು ಹೇಳದೆ ಗೊತ್ತುಮಾಡಿಕೊಂಡಿದ್ದೆವು. ಹೋಗೋಣ ನಡೀರಿ, ಇಲ್ಲಿದ್ದರೂ ಗೋಡೆ ನೋಡ್ತೀರಿ ಅಂತ ಹೆಂಡತಿಯೇ ಡ್ರೈವ್ ಮಾಡಿಕೊಂಡು ಡೆಟ್ರಾಯಿಟ್ ಪಕ್ಕದ ನೋವೈಗೆ, ಅವನ ಮನೆಗೆ ಕರೆದೊಯ್ದಳು.

ಪುರೋಹಿತರು ಪೂಜೆ ಮುಗಿಸಿ ಇನ್ನೊಂದು ಮನೆಗೆ ಓಡಿದ್ದರು. ಬೇಸ್‌ಮೆಂಟಿನಲ್ಲಿ ಚಾಪೆ ಹಾಸಿ, ಉದ್ದಕ್ಕೂ ಎಲೆ ಹಾಕಿ, ಎಲ್ಲರನ್ನೂ ನೆಲದ ಮೇಲೆ ಪಂಕ್ತಿಯಲ್ಲಿ ಕೂರಿಸಿದರು. ನನ್ನನ್ನು ಮೊದಲನೇ ಎಲೆಗೆ. ಪಲ್ಯ, ಅನ್ನ, ತೊವ್ವೆ, ಪಾಯಸ, ಎಲ್ಲದರ ಮೇಲೂ ಹಬೆ. ನೋಡುವಾಗಲೇ ಹಲ್ಲು ಜುಂ ಅಂದವು. ಸ್ವಲ್ಪ ಆರಲಿ ಅಂತ ಎಲೆಯ ಮುಂದೆ ಕೈಕಟ್ಟಿ ಕಣ್ಣು ಮುಚ್ಚಿ ಕೂತೆ. ದೂರದ ಪ್ರಯಾಣ ಬೇರೆ, ಸುಸ್ತಾಗಿತ್ತು. ಮುಚ್ಚಿದ ಕಣ್ಣು ಹಿತವಾಗೇ ಇತ್ತು.

ಎಷ್ಟು ಹೊತ್ತಾಯಿತೋ, ಎಲ್ಲೋ ಒಂದು ಮಗು, "ಮಾಮ್, ಈಸ್ ಹಿ ಸ್ಲೀಪಿಂಗ್?" ಅಂತ ಕೇಳಿತು.

"ಶ್, ಅಜ್ಜಾರು ಮಂತ್ರಾ ಹೇಳಾಕತ್ತಾರ," ಅಂತ ಅದರ ತಾಯಿ.

ಒಂದು ಕಣ್ಣು ತೆರೆದು ನೋಡಿದೆ. ಇಡೀ ಪಂಕ್ತಿ ತೊಡೆಯ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡುತ್ತಿದೆ. ಪುರೋಹಿತರಿಲ್ಲ, ಹಿರಿಯ ನಾನು. ಹಿರಿಯರು ಮೊದಲ ತುತ್ತು ಬಾಯಿಗಿಡದೆ ಯಾರೂ ಎಲೆ ಮುಟ್ಟುವ ಹಾಗಿಲ್ಲ. ಯಜಮಾನ ಕೈಮುಗಿದು ನಿಂತಿದ್ದಾನೆ. ಎಲೆಯ ಕಡೆ ನೋಡಿದೆ. ತೊವ್ವೆಯಿಂದ ಇನ್ನೂ ಸಣ್ಣಗೆ ಹಬೆ ಏಳುತ್ತಿತ್ತು. ಏನು ಮಾಡಲಿ? ಕಣ್ಣು ಮತ್ತೆ ಮುಚ್ಚಿದೆ.

ಹಬೆ ನಿಂತ ಮೇಲೆ ಮೊದಲ ತುತ್ತು ಇಟ್ಟೆ. ಜುಂ ಇಲ್ಲ. ಎರಡನೆಯದು, ಅದಕ್ಕೂ ಇಲ್ಲ. ಆಮೇಲೆ ನಾನು ತಲೆ ಎತ್ತಲಿಲ್ಲ. ಎರಡನೇ ಸಲ ಅನ್ನ ಹಾಕಿಸಿಕೊಂಡೆ. ಅಷ್ಟು ಹೊತ್ತಿಗೆ ಅಡುಗೆಮನೆಯ ಪಾತ್ರೆಗಳೂ ಆರಿದ್ದವು. ಪಂಕ್ತಿಯವರೆಲ್ಲ ತಣ್ಣನೆಯ ಅನ್ನವನ್ನು ಭಕ್ತಿಯಿಂದ ಉಂಡರು. ಎದುರು ಸಾಲಿನಲ್ಲಿದ್ದ ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಿದ್ದಳು. ನಗುತ್ತಿದ್ದಾಳೆ ಅಂದುಕೊಂಡೆ, ಅಷ್ಟೇ ಆಗಿರಲಿಲ್ಲ. ಕಾರಿನಲ್ಲಿ ಕೂತ ಮೇಲೆ, ಎರಡು ಸಲ ಬಡಿಸಿಕೊಂಡ್ರಿ ಅಂತ ದಾರಿಯುದ್ದಕ್ಕೂ ಅದನ್ನೇ ಹೇಳಿದಳು.

ಮುಂದಿನ ವಾರದ ತೂಕ ಇಳಿದಿರಲಿಲ್ಲ. ಒಂದು ಕೂದಲೆಳೆ ಏರಿತ್ತು ಕೂಡ. ಟ್ಯೂಬಿನ ಮಾತು ಸದ್ಯಕ್ಕೆ ಬೇಡ ಅಂದರು.

ದೀಪಾವಳಿಗೆ ಮತ್ತೆ ಅದೇ ಮನೆಯಿಂದ ಕರೆ ಬಂತು. ಈ ಸಲವೂ ಮೊದಲನೇ ಎಲೆ ನನಗೇ. ನಾನು ಕಣ್ಣು ಮುಚ್ಚುವುದಕ್ಕೆ ಮೊದಲೇ ಪಂಕ್ತಿಯೆಲ್ಲ ಕಣ್ಣು ಮುಚ್ಚಿ ಕೂತಿತು, ಮಕ್ಕಳು ಸಮೇತ. ಅಷ್ಟರಲ್ಲಿ ಮನೆಯಾಕೆ ನನ್ನ ಹಿಂದೆ ಬಂದು ಬಗ್ಗಿ, ಕಿವಿಯಲ್ಲಿ ಹೇಳಿದಳು:

"ಅಂಕಲ್, ಇವತ್ತೂ ಆ ಉದ್ದನ್ನ ಮಂತ್ರಾನ ಹೇಳ್ರಿ. ಹಪ್ಪಳ ಇನ್ನೂ ಕರಿಯೂದು ಅದ."