ಹನ್ನೆರಡು ಬೊಂಬೆಗಳೂ ಒಂದು ಪಿಕಪ್ಪೂ

ನಾನು ಹೆದರುವಂಥ ವಸ್ತು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ! ಹೀಗೆಂದು ನಾನು ಘೋಷಿಸಿದ್ದು ಕಳೆದ ಬುಧವಾರ, ತಿಂಡಿ ತಿನ್ನುತ್ತಾ. ಭೂತವಿರಲಿ, ಪಿಶಾಚಿಯಿರಲಿ, ತುಕ್ಕು ಹಿಡಿದ ಬೋಲ್ಟಿರಲಿ, ಎದೆಯೊಡ್ಡಿ ನಿಲ್ಲುವ ಗಂಡಸು ನಾನು ಎಂದೆ. ಹೆಂಡತಿ ಏನೂ ಹೇಳದೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವಳ ಮೌನವನ್ನು ಮೆಚ್ಚುಗೆಯೆಂದು ತಿಳಿಯುವುದು ನನ್ನ ಹಳೆಯ ಅಭ್ಯಾಸ.

ಇಷ್ಟು ದೊಡ್ಡ ಮಾತು ಯಾಕೆ ಬಂತೆಂದರೆ ನಮ್ಮ ಪಿಕಪ್ ಗಾಡಿಯ ದೆಸೆಯಿಂದ. ಬಟ್ಟೆ ಅಂಗಡಿಗಳ ಗಾಜಿನ ಹಿಂದೆ ಆಳೆತ್ತರದ ಬೊಂಬೆಗಳು ನಿಂತಿರುತ್ತವಲ್ಲ, ಅವುಗಳ ರಿಪೇರಿ ನಮ್ಮ ಕಸುಬು. ಮುರಿದ ಕೈಕಾಲು ಅಂಟಿಸುವುದು, ಸಾಗಿಸುವುದು ನನ್ನ ಪಾಲು. ಮುಖ ಬರೆಯುವುದು ಹೆಂಡತಿ. ಮಲಗಿಸಿದರೆ ಮೂಗಿನ ಬಣ್ಣ ಉಜ್ಜಿಹೋಗುತ್ತದೆಂದು ಬೊಂಬೆಗಳನ್ನು ನಿಲ್ಲಿಸಿಯೇ ಸೊಂಟಕ್ಕೆ ಹಗ್ಗ ಬಿಗಿದು ಒಯ್ಯುತ್ತೇವೆ.

ಒಂದು ತಿಂಗಳಿಂದ ಗಾಡಿ ವಿಚಿತ್ರವಾಗಿ ಆಡತೊಡಗಿತ್ತು. ಬ್ರೇಕ್ ಹಾಕಿದರೆ ಮೂತಿ ನೆಲಕ್ಕೆ ಬಗ್ಗಿಸಿ ಕೈಮುಗಿಯುತ್ತಿತ್ತು. ತಿರುವಿನಲ್ಲಿ ಒಂದು ಪಕ್ಕಕ್ಕೆ ವಾಲುತ್ತಿತ್ತು. ಅದೆಲ್ಲ ಹಾಳಾಗಲಿ. ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ನಾವಿಬ್ಬರೂ ಇಳಿದು ಬಾಗಿಲು ಹಾಕಿದ ಮೇಲೂ ಅದು ಮೇಲೆ ಕೆಳಗೆ ಆಡುತ್ತಲೇ ಇರುತ್ತಿತ್ತು. ಹಿಂದೆ ನಿಂತ ಬೊಂಬೆಗಳು ಒಟ್ಟಿಗೆ ತಲೆದೂಗುತ್ತಿದ್ದವು. ನಾಲ್ಕು ಸಲ, ಐದು ಸಲ, ಆರು ಸಲ. ನಾವು ಆಡದ ಯಾವುದೋ ಮಾತಿಗೆ ಅವು ಒಪ್ಪಿಗೆ ಕೊಡುತ್ತಿದ್ದವು.

"ರೀ, ನಾವು ಇಳಿದಾಯ್ತು. ಇನ್ನೂ ಯಾರೋ ಇಳೀತಿದ್ದಾರೆ," ಎಂದಳು ಹೆಂಡತಿ ಒಂದು ದಿನ, ಬಹಳ ಮೆಲ್ಲಗೆ.

ವೇಗ ಹೆಚ್ಚಿಸಿದರೆ ಹಿಂದಿನಿಂದ ಗೊಣಗುವ ಸದ್ದೂ ಕೇಳಿಸುತ್ತಿತ್ತು. ನಿಮ್ಮಣ್ಣನೇ ಕೂತಿರಬೇಕು, ಹಾಗೆ ಗೊಣಗೋದು ಅವರೊಬ್ಬರೇ ಎಂದು ನಾನು ನಕ್ಕೆ. ನಕ್ಕೆನೇ ಹೊರತು ಅಂದಿನಿಂದ ಹಿಂದಿನ ಕನ್ನಡಿ ನೋಡುವುದನ್ನು ಕಮ್ಮಿ ಮಾಡಿದೆ. ಕನ್ನಡಿಯ ತುಂಬ ಕಣ್ಣು ಮಿಟುಕಿಸದ ಮುಖಗಳೇ ತಾನೆ!

ಅವಳ ಅಣ್ಣ, ಅಂದರೆ ನನ್ನ ಭಾವ, ಗ್ಯಾರೇಜಿನವರು. ನನ್ನ ಕೈಗೆ ಸ್ಪ್ಯಾನರ್ ಕೊಡುವುದೂ ಮಂಗನ ಕೈಗೆ ಮಾಣಿಕ್ಯ ಕೊಡುವುದೂ ಒಂದೇ ಎಂದು ನಾಲ್ಕು ಜನರ ಮುಂದೆ ಹೇಳಿದ ಮಹಾನುಭಾವರು. ಹೆಂಡತಿ ನನಗೆ ತಿಳಿಸದೆ ಅವರಿಗೆ ಫೋನ್ ಮಾಡಿ, ಅವರು ಹೇಳಿದ್ದನ್ನು ನನಗೆ ಒಪ್ಪಿಸಿದಳು. ಗಾಡಿಯ ಒಂದು ಮೂಲೆಯನ್ನು ಜೋರಾಗಿ ಒತ್ತಿ ಬಿಡಬೇಕಂತೆ. ಒಂದೆರಡು ಸಲ ಆಡಿ ನಿಂತರೆ ಕ್ಷೇಮ. ಆಡುತ್ತಲೇ ಇದ್ದರೆ ಶಾಕ್ ಅಬ್ಸಾರ್ಬರ್, ಅಂದರೆ ಚಕ್ರದ ಕುಲುಕಾಟ ನುಂಗುವ ಕೊಳವೆ, ಸತ್ತಿದೆ ಎಂದರ್ಥ. ಒತ್ತಿ ಬಿಟ್ಟೆ. ಹಿಂಭಾಗ ತೊಟ್ಟಿಲಿನ ಹಾಗೆ ತೂಗಿತು. ಬಗ್ಗಿ ನೋಡಿದರೆ ಹಿಂದಿನ ಎರಡೂ ಶಾಕ್‌ಗಳಿಂದ ಎಣ್ಣೆ ಒಸರಿ, ಮೇಲೆ ಧೂಳು ಮೆತ್ತಿಕೊಂಡಿತ್ತು. ಟೈರಿನ ಮೇಲೆ ಕೈಯಾಡಿಸಿದರೆ ಅಲ್ಲಲ್ಲಿ ತಗ್ಗು ಸಿಕ್ಕಿತು. ಗೊಣಗುತ್ತಿದ್ದದ್ದು ಆ ತಗ್ಗುಗಳು. ದೆವ್ವ ಸಿಕ್ಕಿಬಿದ್ದ ಖುಷಿಯಲ್ಲಿ ನಾನು ಮೀಸೆ ತಿರುವಿದೆ.

ಭಾನುವಾರ ತಾನೇ ಬಂದು ಹಾಕಿಕೊಡುತ್ತೇನೆಂದರು ಭಾವ. ನಾನು ಬೇಡವೆಂದೆ. ಹೆಂಡತಿಯ ಕೈಯಿಂದ ಫೋನ್ ಕಸಿದುಕೊಂಡು, ಎರಡು ಬೋಲ್ಟಿನ ಕೆಲಸಕ್ಕೆ ನೀವ್ಯಾಕೆ ತೊಂದರೆ ತಗೋತೀರಿ ಎಂದೆ. "ಹೊಸ ಶಾಕಿಗೆ ಒಂದು ಪಟ್ಟಿ ಕಟ್ಟಿರ್ತಾರೆ, ಅದನ್ನ ಮಾತ್ರ..." ಎಂದು ಅವರು ಶುರುಮಾಡಿದಾಗ ಫೋನ್ ಇಟ್ಟುಬಿಟ್ಟೆ. ಪಟ್ಟಿ ಬಿಚ್ಚುವುದನ್ನೂ ನನಗೆ ಕಲಿಸಬೇಕೆ?

ಸೋಮವಾರ ಬೆಳಗ್ಗೆ ಹತ್ತಕ್ಕೆ ಹನ್ನೆರಡು ಬೊಂಬೆಗಳು ಊರಿನ ದೊಡ್ಡ ಬಟ್ಟೆ ಅಂಗಡಿ ತಲುಪಬೇಕಿತ್ತು. ಮುಖಗಳು ಹಿಡಿಸಿದರೆ ಅವರ ಎಲ್ಲ ಅಂಗಡಿಗಳ ಕೆಲಸವೂ ನಮಗೇ. ಹಿಡಿಸದಿದ್ದರೆ ಹೆಂಡತಿ ಮತ್ತೆ ಬೋರ್ಡ್ ಬರೆಯಲು ಹೋಗಬೇಕು. ತಿಂಗಳಿಡೀ ಬೆನ್ನು ಬಗ್ಗಿಸಿ ಅವಳು ಒಂದೊಂದು ರೆಪ್ಪೆ ತೀಡಿದ್ದಳು. ಆ ಗಾಡಿಯಲ್ಲಿ ಹಾಗೇ ಒಯ್ದರೆ ತಲೆಗೆ ತಲೆ ಬಡಿದು ಮೂಗು ಹಾರುತ್ತಿದ್ದವು. ಭಾನುವಾರ ಬೆಳಗ್ಗೆ ಮುಖಗಳಿಗೆ ಕೊನೆಯ ಬಣ್ಣ ಕೊಟ್ಟು, ಶೆಡ್ಡಿನ ಬಾಗಿಲಲ್ಲಿ ಸಾಲಾಗಿ ಒಣಗಲು ನಿಲ್ಲಿಸಿ, "ಇವುಗಳ ಹತ್ರ ಸುಳೀಬೇಡಿ," ಎಂದು ಹೇಳಿ ಊಟಕ್ಕೆ ಹೋದಳು.

ಮಧ್ಯಾಹ್ನದ ಹೊತ್ತು. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಚಕ್ರಕ್ಕೆ ಕಲ್ಲು ಕೊಟ್ಟು, ಅಂಗಡಿಯಿಂದ ತಂದ ಹೊಸ ಶಾಕ್‌ಗಳ ಜೊತೆ ಗಾಡಿಯ ಕೆಳಗೆ ತೂರಿದೆ. ಅಲ್ಲಿ ಹಗಲೂ ಹಗಲಲ್ಲ. ಮಸಿ ಬಣ್ಣದ ಕತ್ತಲು, ಹಳೆಯ ಎಣ್ಣೆಯ ವಾಸನೆ, ಎಲ್ಲಿಂದಲೋ ತಣ್ಣನೆಯ ಒಂದು ಹನಿ ಹಣೆಯ ಮೇಲೆ. ಹಳೆಯ ಶಾಕ್ ಬಿಚ್ಚಿ ಒತ್ತಿದೆ. ಒತ್ತಿದಲ್ಲೇ ಉಳಿಯಿತು, ಹೆಣದ ಹಾಗೆ. ಹೊಸದರ ಮೇಲ್ತುದಿಯನ್ನು ಬೋಲ್ಟಿಗೆ ಸಿಕ್ಕಿಸಿದೆ. ಕೆಳತುದಿ ನನ್ನ ಎದೆಯಿಂದ ಗೇಣು ದೂರದಲ್ಲಿ ನೇತಾಡುತ್ತಿತ್ತು. ಪಕ್ಕಕ್ಕೆ ತಿರುಗಿದರೆ ಚಕ್ರದಾಚೆ ಬಿಳಿಯ ಬರಿಗಾಲುಗಳು, ಇಪ್ಪತ್ತನಾಲ್ಕು. ಬೊಂಬೆಗಳವೇ ಎಂದು ನನಗೆ ಗೊತ್ತು. ಆದರೂ ಒಮ್ಮೆ ಎಣಿಸಿದೆ.

ಆಮೇಲೆ ಪಟ್ಟಿ ಕತ್ತರಿಸಿದೆ.

ಸುಂಯ್ ಎಂದು ಒಂದು ನಿಟ್ಟುಸಿರು. ನಾನು ಬಿಟ್ಟದ್ದಲ್ಲ. ಮೇಲಿನ ಕತ್ತಲಿನಿಂದ ಆ ಕೊಳವೆ ತನ್ನಷ್ಟಕ್ಕೆ ತಾನೇ ಬೆಳೆಯತೊಡಗಿತು. ಅವಸರವಿಲ್ಲ, ಗಲಾಟೆಯಿಲ್ಲ. ಇಂಚಿಂಚೇ ಇಳಿದುಬಂದು ನನ್ನ ಎದೆಯ ಮೇಲೆ ಕೂತು ಮೆತ್ತಗೆ ಒತ್ತಿತು. ತಳ್ಳಿದೆ. ಅದೂ ತಳ್ಳಿತು. ಮನುಷ್ಯರು ತಳ್ಳುವ ಹಾಗೇ ತಳ್ಳಿತು! ಕೂಗೋಣವೆಂದರೆ ಬಾಯಿ ತೆರೆಯಿತೇ ಹೊರತು ಸದ್ದು ಹೊರಡಲಿಲ್ಲ.

ಹೇಗೆ ಹೊರಬಂದೆನೋ ತಿಳಿಯದು. ತಲೆ ಮೂರು ಕಡೆ ಬಡಿದಿತ್ತೆಂಬುದಕ್ಕೆ ಬುಗುಟುಗಳು ಸಾಕ್ಷಿ. ತಡವರಿಸಿ ಎದ್ದು, ಎಣ್ಣೆಗೈಯಲ್ಲಿ ಎದುರಿಗೆ ಸಿಕ್ಕವರ ಭುಜ ಹಿಡಿದೆ. ಸಿಕ್ಕದ್ದು ಮೊದಲನೇ ಬೊಂಬೆ. ಅದು ಎರಡನೆಯದರ ಮೇಲೆ, ಎರಡನೆಯದು ಮೂರನೆಯದರ ಮೇಲೆ. ಹನ್ನೆರಡೂ ಹಸಿ ಮುಖಗಳು ಒಂದಕ್ಕೊಂದು ಉಜ್ಜಿಕೊಂಡು ಮಗುಚಿದವು. ಕಣ್ಣು ಕೆನ್ನೆಗೆ ಇಳಿದಿತ್ತು. ತುಟಿ ಕಿವಿಯವರೆಗೆ ಹರಿದಿತ್ತು. ಮೂತಿಯಿಲ್ಲದ ಹನ್ನೆರಡು ಜನ ನೆಲದ ಮೇಲೆ ಬಿದ್ದು ನನ್ನನ್ನೇ ನೋಡುತ್ತಿದ್ದರು.

ಹೆಂಡತಿ ಬಂದು ನಿಂತಳು. ಒಂದು ಬೊಂಬೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಜಾರಿದ ರೆಪ್ಪೆಯನ್ನು ಬೆರಳಲ್ಲಿ ಮುಟ್ಟುತ್ತಾ ಕೂತಳು. ನನಗೆ ನಿಜಕ್ಕೂ ಅಳು ಬಂತು. ನಾನೇ ಭಾವನಿಗೆ ಫೋನ್ ಮಾಡಿದೆ.

ಅವರು ಬಂದು ನಡೆದದ್ದನ್ನು ಕೇಳಿ, ನಗುವನ್ನು ಕೆಮ್ಮಿನಲ್ಲಿ ಮುಚ್ಚಿದರು. ಹೊಸ ಶಾಕಿನೊಳಗೆ ಗ್ಯಾಸ್ ತುಂಬಿರುತ್ತದಂತೆ, ಪಟ್ಟಿ ಕತ್ತರಿಸಿದರೆ ತಾನಾಗಿ ಚಾಚಿಕೊಳ್ಳುತ್ತದಂತೆ, ಕೆಳತುದಿಯನ್ನು ಅದರ ಜಾಗಕ್ಕೆ ಹೊಂದಿಸಿಕೊಂಡೇ ಕತ್ತರಿಸಬೇಕಂತೆ. ಮುಕ್ಕಾಲು ಗಂಟೆಯಲ್ಲಿ ಎರಡನ್ನೂ ಕೂರಿಸಿ, ಮೂಲೆ ಒತ್ತಿ ಬಿಟ್ಟರು. ಗಾಡಿ ಒಮ್ಮೆ ಎದ್ದು ಗಪ್‌ಚಿಪ್ ನಿಂತಿತು. ನಾನು ಮುಖಗಳ ಬಣ್ಣ ಒರೆಸಿಕೊಟ್ಟು ಹೆಂಡತಿಯ ಎದುರಿಗೇ ಮುದುಡಿ ಕೂತೆ; ಗಾಡಿಯ ಕೆಳಗಿನ ದಿಗಿಲು ಮುಖದಿಂದ ಇನ್ನೂ ಇಳಿದಿರಲಿಲ್ಲ. ರಾತ್ರಿಯಿಡೀ ಅವಳು ಆಗಾಗ ತಲೆಯೆತ್ತಿ ನನ್ನನ್ನು ನೋಡುವಳು, ಮತ್ತೆ ಬಗ್ಗಿ ಬರೆಯುವಳು. ಕ್ಷಮಿಸುತ್ತಿದ್ದಾಳೆಂದೇ ನಾನು ಭಾವಿಸಿದೆ.

ಸೋಮವಾರ ಹತ್ತಕ್ಕೆ ಸರಿಯಾಗಿ ಬೊಂಬೆಗಳನ್ನು ಇಳಿಸಿದೆವು. ಒಂದರ ಮೂಗೂ ಮುಕ್ಕಾಗಿರಲಿಲ್ಲ. ಮಾಲೀಕರು ಅವನ್ನು ಗಾಜಿನ ಹಿಂದೆ ನಿಲ್ಲಿಸಿ, ಬೀದಿಗಿಳಿದು ನೋಡಿದರು. ನಾನೂ ಹೋಗಿ ನೋಡಿದೆ. ಅರಳಿದ ಕಣ್ಣು, ನೆತ್ತಿಗೇರಿದ ಹುಬ್ಬು, ಸದ್ದು ಹೊರಡದೆ ತೆರೆದುಕೊಂಡ ಬಾಯಿ. ಹೊಸ ಉಡುಪು ತೊಟ್ಟು ಗಾಜಿನಾಚೆ ಸಾಲಾಗಿ ನಿಂತಿದ್ದವನು ನಾನೇ. ಹನ್ನೆರಡು ಸಲ.

ದಾರಿಹೋಕರು ನಿಂತು ನೋಡತೊಡಗಿದರು. ರಿಯಾಯಿತಿ ದರ ಕಂಡು ಬೆರಗಾದ ಮುಖಗಳು ಅಂದ್ರೆ ಹೀಗಿರಬೇಕು ಎಂದು ಮಾಲೀಕರು ಹಿಗ್ಗಿದರು. ಹೆಂಡತಿಯನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ಅವಳು ತಿಂಗಳಲ್ಲಿ ಮೊದಲ ಬಾರಿಗೆ ಬಾಯಿತುಂಬ ನಗುತ್ತಾ ನನ್ನ ಬಳಿ ಬಂದಳು.

"ರೀ, ಇದೇ ತರದ್ದು ಇನ್ನೂ ನಲವತ್ತು ಬೇಕಂತೆ," ಎಂದಳು. "ಮನೆಗೆ ಹೋದ ತಕ್ಷಣ ಗಾಡಿ ಕೆಳಗೆ ಮಲಗಿ."