ನಮ್ಮವರ ಇಪ್ಪತ್ತು ಉಸಿರು

ಉಸಿರಾಡುವುದು ಮನೆಯಲ್ಲಿ ಕಸ ಗುಡಿಸುವ ಕೆಲಸದ ಹಾಗೆ. ನಡೆಯುವ ತನಕ ಯಾರ ಕಣ್ಣಿಗೂ ಬೀಳುವುದಿಲ್ಲ, ಒಂದು ದಿನ ತಪ್ಪಿದರೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ನಮ್ಮವರ ಜೊತೆ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳು ನಾನು. ಎಷ್ಟು ರೊಟ್ಟಿ ತಿನ್ನುತ್ತಾರೆ, ಯಾವ ಪಲ್ಯಕ್ಕೆ ಮುಖ ತಿರುವುತ್ತಾರೆ, ಸಾಲಿಯಿಂದ ಬಂದವರು ಚಪ್ಪಲಿಯನ್ನು ಬಾಗಿಲಿನ ಯಾವ ಮಗ್ಗುಲಿಗೆ ಬಿಡುತ್ತಾರೆ, ಎಲ್ಲ ಕಣ್ಣು ಮುಚ್ಚಿ ಹೇಳಬಲ್ಲೆ. ಆದರೆ ಕಲಬುರ್ಗಿ ದವಾಖಾನೆಯ ನರ್ಸಬಾಯಿ, 'ನಿಮ್ಮ ಮಾಸ್ತರರು ಆರಾಮ ಇದ್ದಾಗ ನಿಮಿಷಕ್ಕ ಎಷ್ಟು ಉಸಿರು ತಗೋತಿದ್ರು?' ಎಂದು ಕೇಳಿದಾಗ ಬಾಯಿ ಬಿಟ್ಟುಕೊಂಡು ನಿಂತೆ. 'ಎಲ್ಲಾರೂ ತಗೊಳ್ಳೋವಷ್ಟ ತಗೋತಿದ್ರು ಬಾಯೀ' ಎಂದೆ. ಆಕೆ ನಗಲಿಲ್ಲ. ನಗುವ ಹೊತ್ತೂ ಅದಾಗಿರಲಿಲ್ಲ.

ನಮ್ಮವರು ಕಮಲಾಪುರದಲ್ಲಿ ನಿಜಾಮ ಸರಕಾರದ ಸಾಲಿಗೆ ಮಾಸ್ತರರು. ಅವರ ದನಿ ಎಂಥದೆಂದರೆ, ಸಾಲಿಯಲ್ಲಿ ಪಾಠ ಹೇಳಿದರೆ ಬಾಳೆಯ ತೋಟದಲ್ಲಿ ನೀರು ಬಿಡುವವರಿಗೂ ಉರ್ದು ಬರಬೇಕು. ಆ ಚಳಿಗಾಲ ಮೊದಲು ಜ್ವರ ಬಂತು, ಆಮೇಲೆ ಕೆಮ್ಮು, ಆಮೇಲೆ ಕೆಮ್ಮಿದಾಗ ತುಕ್ಕಿನ ಬಣ್ಣದ ಕಫ. ಎದೆಯ ಬಲಮಗ್ಗುಲಿಗೆ ನ್ಯುಮೋನಿಯಾ ಆಗಿದೆ ಎಂದು ಡಾಕ್ಟರ ಸಾಹೇಬರು ಹೇಳಿ ದವಾಖಾನೆಯಲ್ಲಿ ಮಲಗಿಸಿಕೊಂಡರು. ಕೋಟೆಯ ಹತ್ತಿರ ನಮ್ಮ ಅಣ್ಣನ ಮನೆ. ಅಲ್ಲಿಂದ ಮುಂಜಾನೆ ಗಂಜಿ ಹಿಡಿದುಕೊಂಡು ಹೋದರೆ ಸಂಜೆಯ ತನಕ ನಾನು ಅವರ ಮಂಚದ ಕಾಲಬದಿಗೆ.

ನರ್ಸಬಾಯಿ ಮೋಮಿನಪುರದಾಕೆ, ಐವತ್ತರ ಮೇಲಿನ ವಯಸ್ಸು. ಎದೆಯ ಮೇಲೆ ಪಿನ್ನು ಹಾಕಿ ಸಣ್ಣ ಗಡಿಯಾರ ತೂಗುಬಿಟ್ಟಿದ್ದಳು. ಆಕೆ ಒಳಗೆ ಬಂದ ಕೂಡಲೇ ಮಾತಾಡಿಸುತ್ತಿರಲಿಲ್ಲ. ಬಾಗಿಲಲ್ಲೇ ಒಂದು ಗಳಿಗೆ ನಿಂತು ನೋಡುತ್ತಿದ್ದಳು. ಮೂಗಿನ ಹೊಳ್ಳೆ ಅರಳುತ್ತಿವೆಯೆ, ಉಸಿರು ಎಳೆದಾಗ ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಹೋಗುತ್ತಿದೆಯೆ, ತುಟಿ ನೀಲಿಗಟ್ಟಿದೆಯೆ. ಆಮೇಲೆ ಬಂದು ಮುಂಗೈ ಹಿಡಿದು ನಾಡಿ ನೋಡುವಳು. ಬಹಳ ಹೊತ್ತು ಹಿಡಿಯುವಳು. ನಾಲ್ಕನೆಯ ದಿನ ನನಗೆ ಅನುಮಾನ ಬಂತು. ಆಕೆಯ ಬೆರಳು ಮುಂಗೈ ಮೇಲೆ, ಕಣ್ಣು ಮಾತ್ರ ಹೊದಿಕೆಯ ಮೇಲೆ.

ಹೊರಗೆ ಪಡಸಾಲೆಯಲ್ಲಿ ಕೇಳಿದೆ. 'ದೇಖೋ ಅಕ್ಕಾ,' ಅಂದಳು, 'ನಾಡಿ ಎಣಿಸೋದು ಅರ್ಧ ನಿಮಿಷ. ಉಳಿದಿದ್ದು ಉಸಿರಿಂದು. ನಿಮ್ಮ ಉಸಿರು ಎಣಿಸ್ತೀನಿ ಅಂತ ಮರೀಜಗ, ಅಂದ್ರ ರೋಗಿಗ, ಹೇಳಿದ್ರ ಅಂವಾ ಸರಿಯಾಗಿ ಉಸಿರಾಡಂಗಿಲ್ಲ. ಫೋಟೋ ತೆಗಿಯೋವಾಗ ಮುಖ ಹೆಂಗ ಮಾಡ್ತಾರ, ಹಂಗ ಮಾಡ್ತಾರ.'

ಜ್ವರ ಇಳಿದ ಮೇಲೆ ಊರಿಗೆ ಕಳಿಸುವಾಗ ಆ ವಿದ್ಯೆಯನ್ನು ನನಗೆ ಒಪ್ಪಿಸಿದಳು. ಹತ್ತು ದಿನ, ಮುಂಜಾನೆ ಒಮ್ಮೆ, ಸಂಜೆ ಒಮ್ಮೆ. ಎದೆ ಏರಿ ಇಳಿದರೆ ಒಂದು. ಮೂವತ್ತು ದಾಟಿದರೆ ಯಾರ ಮಾತೂ ಕೇಳದೆ ಕರಕೊಂಡು ಬರಬೇಕು. 'ಮತ್ತ ನೀವು ಸುಮ್ಮನ ಮುಖ ಇಟ್ಟುಕೋಬೇಕ್ರೀ ಅಕ್ಕಾ' ಎಂದೂ ಹೇಳಿದ್ದಳು. ಆ ಮಾತಿಗೆ ನಾನು ಅಷ್ಟು ಕಿವಿ ಕೊಡಲಿಲ್ಲ.

ಕಮಲಾಪುರಕ್ಕೆ ಬಂದ ಮೇಲೆ ತೊಂದರೆ ಶುರುವಾಯಿತು. ಎಣಿಸಬೇಕೆಂದರೆ ಕೈ ಹಿಡಿಯಬೇಕು. ನಮ್ಮ ಮನೆಯಲ್ಲಿ ಗಂಡನ ಕೈಯನ್ನು ಲಗ್ನದ ದಿನ ಒಮ್ಮೆ ಹಿಡಿದಿದ್ದು, ಅದೂ ಅಯ್ಯನವರು ಹಿಡಿಸಿದ್ದಕ್ಕೆ. ಈಗ ನಲವತ್ತು ದಾಟಿದವಳು, ಹಾಡಹಗಲಿನಲ್ಲಿ, ಅವರದೇ ಜೇಬುಗಡಿಯಾರವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಪಡಸಾಲೆಯ ಮಂಚದ ಮೇಲೆ ಅವರ ಮುಂಗೈ ಹಿಡಿದು ಕೂತೆ. ಎಣಿಕೆ ಹನ್ನೆರಡಕ್ಕೆ ಬರುವಷ್ಟರಲ್ಲಿ ನಮ್ಮ ಅತ್ತೆ ಒಳಗಿನಿಂದ ಬಂದರು.

'ಯವ್ವಾ, ಇದೇನ ಹಗಲಾಗ! ಬಾಗಲಾ ತೆರದೈತಿ. ಮಂದಿ ಏನಂದಾರು?'

'ನಾಡಿ ನೋಡಾಕತ್ತೀನ್ರೀ ಅತ್ತೀ. ದವಾಖಾನಿಯವರು ಹೇಳ್ಯಾರ.'

'ನನ್ನ ಗಂಡಗ ಮೂರು ಸಲ ಜ್ವರ ಬಂದಿತ್ತು. ನಾ ಒಂದು ದಿನಾನೂ ಹಿಂಗ ಕುಂತಿಲ್ಲ.'

ಮಲಗಿದಲ್ಲಿಂದಲೇ ನಮ್ಮವರು, 'ಅದಕ್ಕs ಅಪ್ಪ ಲಗೂನ ಆರಾಮ ಆಗ್ತಿದ್ದ' ಅಂದರು. ಅತ್ತೆ ಬಾಗಿಲು ಅರ್ಧ ಮುಂದೆ ಮಾಡಿ ಒಳಗೆ ಹೋದರು.

ಮೊದಲ ದಿನ ಇಪ್ಪತ್ತೆರಡು. ಮರುದಿನದಿಂದ ಇಪ್ಪತ್ತು. ಮುಂಜಾನೆ ಇಪ್ಪತ್ತು, ಸಂಜೆ ಇಪ್ಪತ್ತು. ಹಿಂದಿಲ್ಲ, ಮುಂದಿಲ್ಲ. ನಾನು ಎಷ್ಟು ಹಿಗ್ಗಿದೆನೆಂದರೆ ಸಜ್ಜಕ ಮಾಡಿ ಓಣಿಗೆಲ್ಲ ಕೊಟ್ಟೆ. ಎಣಿಸಿದ ಕೂಡಲೇ ಪ್ರತಿಸಲ ಅವರು 'ನೀರು ತಾ' ಎನ್ನುತ್ತಿದ್ದರು. ತಂದುಕೊಟ್ಟ ನೀರು ಬಹಳ ಸಲ ಹಾಗೇ ಇರುತ್ತಿತ್ತು. ಅದನ್ನು ನೋಡಿಯೂ ನೋಡದ ಹಾಗೆ ಇದ್ದೆ. ಮನಸ್ಸಿಗೆ ಬೇಕಾದ ಅಂಕಿ ಕೈಯಲ್ಲಿದ್ದಾಗ ಚೊಂಬಿನ ನೀರನ್ನು ಯಾರು ವಿಚಾರಿಸುತ್ತಾರೆ?

ಆರನೆಯ ಸಂಜೆ ಎಣಿಸಿದೆ, ಇಪ್ಪತ್ತು. 'ನೀರು ತಾ' ಅಂದರು. ಅಡಿಗೆಮನೆಯ ಹೊಸ್ತಿಲ ತನಕ ಹೋದವಳಿಗೆ, ತುಂಬಿದ ಚೊಂಬು ಮಂಚದ ಬದಿಗೇ ಇಟ್ಟದ್ದು ನೆನಪಾಯಿತು. ತಿರುಗಿ ನೋಡಿದೆ. ನಮ್ಮವರು ಎದ್ದು ಕೂತಿದ್ದರು. ಎರಡೂ ಕೈ ಮೊಣಕಾಲಿಗೆ ಊರಿ, ಭುಜ ಕಿವಿಯ ತನಕ ಎತ್ತಿ, ಬಾಯಿ ತೆರೆದು ಉಸಿರು ಎಳೆಯುತ್ತಿದ್ದರು. ಪಕ್ಕೆಯ ಚರ್ಮ ಒಳಗೊಳಗೆ ಹೋಗುತ್ತಿತ್ತು. ಗಡಿಯಾರ ಇನ್ನೂ ನನ್ನ ಸೆರಗಿನಲ್ಲೇ ಇತ್ತು. ಕದದ ಹಿಂದೆ ನಿಂತು ಎಣಿಸಿದೆ. ಮೂವತ್ತಾರು.

'ನಾಳೆ ಮುಂಜಾನಿ ಮೋಟಾರಿಗೆ ಕಲಬುರ್ಗಿಗೆ ಹೋಗೂಣು' ಎಂದೆ.

'ಯಾಕ? ನೀನs...' ಉಸಿರು ಎಳೆದರು. 'ಇಪ್ಪತ್ತು ಎಣಿಸಿದಿ.' ಮತ್ತೆ ಎಳೆದರು. 'ಈಗ ಸುಳ್ಳಂತಿ?'

ಒಂದು ಸಾಲನ್ನು ಮೂರು ತುಂಡು ಮಾಡಿ ಹೇಳುವ ಮನುಷ್ಯರಲ್ಲ ಅವರು. ಅಂಥ ಓದಿಗೆ ಸಾಲಿಯ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅತ್ತೆ ಅದನ್ನು ಕೇಳಿದರು. ನಾನು ಏನೂ ಹೇಳುವ ಮೊದಲೇ ಹಾಸಿಗೆ ಸುತ್ತತೊಡಗಿದರು.

ಮರುದಿನ ದವಾಖಾನೆಯಲ್ಲಿ ನರ್ಸಬಾಯಿ ಬಾಗಿಲಲ್ಲಿ ನಿಂತು ಒಂದು ಗಳಿಗೆ ನೋಡಿದಳು, ನಾಡಿ ಹಿಡಿಯಲಿಲ್ಲ. ಅವರನ್ನು ಕೂರಿಸಿ, ನನ್ನ ಎರಡೂ ಅಂಗೈಯನ್ನು ಅವರ ಬೆನ್ನಿನ ಮೇಲೆ ಇಡಿಸಿದಳು. 'ಜೋರಲೇ ಉಸಿರು ತಗೋರಿ ಮಾಸ್ತರರ.' ನನ್ನ ಎಡಗೈ ಮೇಲೆದ್ದಿತು. ಬಲಗೈ ಕೂತಲ್ಲೇ ಕೂತಿತ್ತು. ಆ ಕೂತ ಕೈಯನ್ನು ನಾನು ಈಗಲೂ ಒಮ್ಮೊಮ್ಮೆ ಬಿಡಿಸಿ ನೋಡಿಕೊಳ್ಳುತ್ತೇನೆ. ಬಲಪಕ್ಕೆಯಲ್ಲಿ ನೀರು ತುಂಬಿತ್ತು. ಡಾಕ್ಟರ ಸಾಹೇಬರು ದಪ್ಪ ಸೂಜಿ ಹಾಕಿ ತೆಗೆದರು, ಒಂದು ಚೊಂಬಿಗಿಂತ ಹೆಚ್ಚೇ ಬಂತು. ಇನ್ನೆರಡು ದಿನ ತಡವಾಗಿದ್ದರೆ ಎಂದು ಅರ್ಧಕ್ಕೇ ಮಾತು ನಿಲ್ಲಿಸಿದರು.

ಉಸಿರು ಹಗುರಾದ ಮೇಲೆ ಒಂದು ಮಧ್ಯಾಹ್ನ ಜಗಳ ತೆಗೆದೆ. 'ಉಸಿರು ಬಿಗಿ ಹಿಡಿದು ನನಗ ಮೋಸ ಮಾಡಿದ್ರಲ್ಲ, ಸಾಯಾಕ ಹೊಂಟಿದ್ರೇನು? ದವಾಖಾನಿ ಅಂದ್ರ ಅಷ್ಟು ಅಂಜಿಕಿ?'

'ದವಾಖಾನಿಗಿ ಯಾರು ಅಂಜ್ತಾರ?' ಅಂದರು. ಗೋಡೆಯ ಕಡೆ ನೋಡುತ್ತ ಹೇಳಿದರು, 'ಮೊದಲನೇ ದಿನ ನೀ ಇಪ್ಪತ್ತೊಂದು, ಇಪ್ಪತ್ತೆರಡು ಅಂತ ತುಟಿಯೊಳಗ ಎಣಿಸೋವಾಗ ನಿನ್ನ ಮಾರಿ ನೋಡಿದೆ. ಒಂದೊಂದು ಅಂಕಿಗಿ ಒಂದೊಂದು ವರ್ಷ ಮುದುಕಿ ಆಗಾಕತ್ತಿದ್ದಿ. ನೋಡಾಕ ಆಗಲಿಲ್ಲ. ಮರುದಿನ ಉಸಿರು ಇಪ್ಪತ್ತಕ್ಕ ನಿಲ್ಲಿಸಿದೆ. ಎಷ್ಟು ಚಂದ ನಕ್ಕಿ.'

ನಾನು ಅವರನ್ನು ನೋಡುತ್ತಿದ್ದೇನೆ ಎಂದುಕೊಂಡ ಆರೂ ದಿನ ಅವರು ನನ್ನನ್ನು ನೋಡುತ್ತಿದ್ದರು. ಬೈಯಬೇಕೆಂದು ಬಾಯಿ ತೆರೆದವಳು ಗಂಜಿ ಆರಿಹೋಗುತ್ತಿದೆ ಎಂದೆ.

ಈಗ ಅವರಿಗೆ ಪೂರಾ ಆರಾಮವಾಗಿದೆ. ಎಣಿಸುವ ಕಾರಣ ಉಳಿದಿಲ್ಲ. ಆದರೂ ಸಾಲಿಯಿಂದ ಬಂದು ಮಂಚದ ಮೇಲೆ ಕೂತವರು ಕೆಲವು ಸಂಜೆ ಮುಂಗೈ ಚಾಚಿ, 'ನೋಡು, ಎಷ್ಟೈತಿ' ಅನ್ನುತ್ತಾರೆ. ಅತ್ತೆ ಬಾಗಿಲು ಮುಂದೆ ಮಾಡಿಕೊಂಡು ಹೋಗುತ್ತಾರೆ. ನಾನು ಗಡಿಯಾರ ಹಿಡಿದು, ಮುಖ ಸುಮ್ಮನೆ ಇಟ್ಟುಕೊಂಡು, ನರ್ಸಬಾಯಿ ಹೇಳಿದ ಹಾಗೆಯೇ ಎಣಿಸುತ್ತೇನೆ. ಏನು ಮಾಡಲಿ, ಹನ್ನೊಂದು ಹನ್ನೆರಡಕ್ಕೆ ಬರುವಷ್ಟರಲ್ಲಿ ಲೆಕ್ಕ ತಪ್ಪುತ್ತದೆ. ಮತ್ತೆ ಮೊದಲಿನಿಂದ ಹಿಡಿಯಬೇಕಾಗುತ್ತದೆ.