ಬೀಗರ ಓತಿಕ್ಯಾತ ಉಣವಲ್ದು

ಬೇಡವೆಂದರೂ ನಮ್ಮ ಮನೆಗೆ ಏನಾದರೊಂದು ಬಂದು ಬೀಳುತ್ತಲೇ ಇರುತ್ತದೆ. ಹಿಂದಿನ ಮನೆಯವರು ಊರಿಗೆ ಹೋದರೆ ಅವರ ಕೀಲಿ ನಮ್ಮ ಮೊಳೆಗೆ. ಎದುರಿನವರ ಮನೆಯಲ್ಲಿ ಮದುವೆಯಾದರೆ ಅವರ ಹಂಡೆ ನಮ್ಮ ಬಚ್ಚಲಿಗೆ. ಒಮ್ಮೆ ಯಾರದೋ ಗಬ್ಬದ ಎಮ್ಮೆ ಮೂರು ತಿಂಗಳು ನಮ್ಮ ಹಿತ್ತಲಲ್ಲಿ ಮೇವು ತಿಂದಿತು. ಈಯುವ ಮುನ್ನಾದಿನ ಬಂದು ಹೊಡೆದುಕೊಂಡು ಹೋದರು. ನಾನು ದೇವರ ಇಚ್ಛೆ ಎಂದು ಸುಮ್ಮನಿರುವವ. ನಮ್ಮಾಕಿ ಮಾತ್ರ, "ದೇವರಿಗಿ ಸುರಪುರದಾಗ ನಮ್ಮ ಮನಿ ಒಂದ ಗೊತ್ತದ ಕಾಣಸ್ತದ" ಅನ್ನುತ್ತಾಳೆ.

ಕಳೆದ ಬೇಸಿಗೆಯಲ್ಲಿ ಬಂದದ್ದು ಗಾಜಿನ ಪೆಟ್ಟಿಗೆಯಲ್ಲಿ ಬಂತು.

ಕಾಶಿಗೆ ಅವರು, ಕಾಯಲಿಕ್ಕೆ ನಾವು

ಮಗಳನ್ನು ಯಾದಗಿರಿಗೆ ಕೊಟ್ಟು ನಾಲ್ಕು ವರ್ಷವಾಯಿತು. ಅಳಿಯ ಬ್ಯಾಂಕಿನಲ್ಲಿ ನೌಕರ, ಒಳ್ಳೆಯವನು. ಬೀಗತಿ, ಅಂದರೆ ಅವನ ತಾಯಿ, ಹೇಗೆ ಎಂದು ನಾನು ಹೇಳುವುದಿಲ್ಲ, ಇವತ್ತು ಸೋಮವಾರ, ಶಿವನ ವಾರ. ನಡೆದದ್ದನ್ನಷ್ಟೇ ಹೇಳುತ್ತೇನೆ. ಆಕೆ ನಮ್ಮ ಮನೆಗೆ ಬಂದಾಗಲೆಲ್ಲ ಎರಡು ತುತ್ತು ಉಂಡು, "ಸಾಕ್ರಿ, ಹಸಿವಿಲ್ಲ" ಎಂದು ಕೈ ಅಡ್ಡ ಹಿಡಿಯುತ್ತಾರೆ. ನಾವು ಗಂಡಹೆಂಡತಿ ಆಚೆ ಈಚೆ ನಿಂತು, "ಇನ್ನೊಂದು ಹೋಳಿಗಿ, ನಮ್ಮಾಣಿ, ಒಂದ ಒಂದು" ಎಂದು ಗೋಗರೆಯುತ್ತೇವೆ. ಆಕೆ ಒಲ್ಲೆ ಅನ್ನುತ್ತಾರೆ. ಆಮೇಲೆ ಯಾದಗಿರಿಗೆ ಹೋಗಿ, "ಸುರಪುರದಾಗ ಉಪಾಸ ಇದ್ದು ಬಂದೆ" ಎಂದು ಓಣಿಗೆಲ್ಲ ಹೇಳುತ್ತಾರೆ. ಅದನ್ನು ದಿನಾ ಕೇಳಬೇಕಾದವಳು ನಮ್ಮ ಮಗಳು.

ಅಳಿಯ ತನ್ನ ತಾಯಿ, ತಂದೆ, ಹೆಂಡತಿಯನ್ನು ಕರೆದುಕೊಂಡು ಹದಿನೈದು ದಿನ ಕಾಶಿಗೆ ಹೊರಟಿದ್ದ. ನನಗೂ ಕಾಶಿಯ ಆಸೆ ಹಳೆಯದು. ಹೊರಡುವ ಮುಂಚಿನ ದಿನ ಅವನ ಗಾಡಿ ನಮ್ಮ ಬಾಗಿಲಿಗೆ ಬಂದು ನಿಂತಾಗ ನಮ್ಮಾಕಿ, "ನಿಮ್ಮನ್ನೂ ಕರಿಯಾಕ ಬಂದಾನ ನೋಡ್ರಿ" ಅಂದಳು. ನಾನು ಟ್ರಂಕಿನ ಮೇಲಿನ ಧೂಳು ಸಹ ಒರೆಸಿದೆ.

ಅಳಿಯ ಗಾಡಿಯಿಂದ ಗಾಜಿನ ಪೆಟ್ಟಿಗೆ ಇಳಿಸಿದ. ಒಳಗೆ ಮೊಳದುದ್ದದ, ಮೈತುಂಬ ಮುಳ್ಳಿನಂಥ ಹುರುಪೆ, ಗದ್ದದ ಕೆಳಗೆ ಗಡ್ಡ ಬಿಟ್ಟ ಒಂದು ಪ್ರಾಣಿ.

"ಏನಪಾ ಇದು?"

"ಬಿಯರ್ಡೆಡ್ ಡ್ರ್ಯಾಗನ್ ಅಂತಾರ್ರಿ ಮಾವಾರ. ಆಸ್ಟ್ರೇಲಿಯಾದ ತಳಿ. ಹದಿನೈದು ದಿನ ನಿಮ್ಮಲ್ಲಿ ಇರಲಿ."

ನಮ್ಮಾಕಿ ಬಗ್ಗಿ ನೋಡಿದಳು. "ಆಸ್ಟ್ರೇಲಿಯಾಕ್ಕ ಹೋದ್ರೂ ಓತಿಕ್ಯಾತಂದು ಓತಿಕ್ಯಾತನ ಮಾರಿನ ಅದಲ್ಲ!"

"ಹುಳಾ ತಿಂತದರಿ, ಆದ್ರ ನಿಮ್ಮ ಮನ್ಯಾಗ ಅದು ಬ್ಯಾಡ. ಸೊಪ್ಪು, ಹೂವು ಹಾಕಿದ್ರ ಹದಿನೈದು ದಿನ ನಡೀತದ. ಅವ್ವಗ ಇದರ ಮ್ಯಾಲ ಭಾಳ ಜೀವರಿ" ಎಂದ ಅಳಿಯ, ಎರಡು ಹಾಳೆ ತೆಗೆದು ನನ್ನ ಕೈಗಿಟ್ಟ. "ಇದರಾಗ ಎಲ್ಲಾ ಬರದೀನ್ರಿ. ಒಮ್ಮೆ ಓದ್ರಿ."

ಮನೆಗೆ ಬಂದವರನ್ನು ನೋಡಿಕೊಳ್ಳುವುದನ್ನು ಹಾಳೆ ಓದಿ ಕಲಿಯುವ ಮನೆತನ ನಮ್ಮದಲ್ಲ. ಅಳಿಯ ಕೊಟ್ಟದ್ದೆಂಬ ಮರ್ಯಾದೆಗೆ ಅದನ್ನು ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿದೆ. ಆಮೇಲೆ ಟ್ರಂಕನ್ನು ಎತ್ತಿ ಮತ್ತೆ ಅಟ್ಟಕ್ಕೆ ಏರಿಸಿದೆ. ಧೂಳು ಒರೆಸಿದ್ದಂತೂ ಆಯಿತು.

ಅತಿಥಿ ಸತ್ಕಾರ

ನಮ್ಮೂರು ಕಲ್ಲುಗುಡ್ಡಗಳ ನಡುವಿನ ಊರು. ಬೇಸಿಗೆಯಲ್ಲಿ ಗುಡ್ಡ ಕಾಯುತ್ತದೆ, ಊರು ಬೇಯುತ್ತದೆ. ಪೆಟ್ಟಿಗೆಯೊಳಗೆ ನೋಡಿದರೆ ಅಳಿಯ ಎರಡು ದೊಡ್ಡ ದೀಪ ಬೇರೆ ಹಚ್ಚಿಟ್ಟಿದ್ದ.

"ಪಾಪ, ಮೂಕ ಜೀವ. ಈ ಬ್ಯಾಸಗ್ಯಾಗ ಮ್ಯಾಲೊಂದು ದೀಪದ ಕಾವು ಯಾಕರಿ?" ಎಂದು ನಮ್ಮಾಕಿ ಎರಡನ್ನೂ ಆರಿಸಿದಳು.

ನಮ್ಮ ಮನೆಯಲ್ಲಿ ಇರುವುದು ಒಂದೇ ಕೂಲರ್. ಅದನ್ನು ತಿರುಗಿಸಿ ಅತಿಥಿಗೆ ಎದುರಾಗಿ ಇಟ್ಟೆವು. ಪೆಟ್ಟಿಗೆಯ ಮೇಲೆ ಹಸಿ ಗೋಣಿತಟ್ಟು ಹೊದಿಸಿದೆವು. ನಾವಿಬ್ಬರೂ ಬೀಸಣಿಕೆ ಹಿಡಿದು ಅಂಗಳದಲ್ಲಿ ಮಲಗಿದೆವು. ಬೀಗರ ಕಡೆಯವರು ಆರಾಮಿದ್ದರೆ ಸಾಕು.

ಮೊದಲ ದಿನ ಮೊಸರನ್ನ ಇಟ್ಟೆವು, ನೋಡಲಿಲ್ಲ. ಎರಡನೆಯ ದಿನ ಬಾಳೆಹಣ್ಣು, ದಾಳಿಂಬೆ, ಹಾಲಿನಲ್ಲಿ ನೆನೆಸಿದ ರೊಟ್ಟಿ. ಮೂರನೆಯ ದಿನ ಸೊಪ್ಪು. ಯಾವುದನ್ನೂ ಮುಟ್ಟಲಿಲ್ಲ. ಬಂದಾಗ ಹಳದಿಯಾಗಿದ್ದ ಮೈ ಕಾಡಿಗೆಯ ಬಣ್ಣಕ್ಕೆ ತಿರುಗಿತು. ಕಣ್ಣು ಮುಚ್ಚಿ ಮೂಲೆ ಹಿಡಿಯಿತು.

ನಮ್ಮಾಕಿ ಎದುರು ಕುಳಿತು, "ಒಂದ ತುತ್ತು ಉಣ್ಣಪಾ, ನಾಚಬ್ಯಾಡ, ಇದು ನಿನ್ನ ಮನಿನ" ಎಂದು ತಾಸುಗಟ್ಟಲೆ ಒತ್ತಾಯ ಮಾಡಿದಳು. ಅದು ಮುಖ ಗೋಡೆಗೆ ತಿರುಗಿಸಿತು.

"ನೋಡ್ರಿ, ನೋಡ್ರಿ! ಬೀಗತಿದ ಚಾಳಿ ಬಂದದ ಇದಕ್ಕ. ನಮ್ಮ ಹೊಸ್ತಿಲ ದಾಟಿದ ಕೂಡ್ಲೆ ಹಸಿವಿ ಹೋಗ್ತದ."

ನನಗೆ ನಗು ಬರಲಿಲ್ಲ. ಇದೇನಾದರೂ ನಮ್ಮಲ್ಲಿ ಸತ್ತರೆ ಬೀಗತಿ ಏನನ್ನುತ್ತಾರೆಂದು ಆಗಲೇ ಕಿವಿಯಲ್ಲಿ ಕೇಳುತ್ತಿತ್ತು: "ಅವರ ಮನ್ಯಾಗ ಓತಿಕ್ಯಾತ ಸುದ್ದಾ ಬದಕೂದಿಲ್ಲ." ಮಗಳು ಜೀವ ಇರುವ ತನಕ ಅದನ್ನು ಕೇಳಬೇಕು. ನಾನು ತಿಂಥಣಿ ಮೌನಪ್ಪನಿಗೆ ಹರಕೆ ಹೊತ್ತೆ: ಇದು ಉಣ್ಣುವ ತನಕ ನನಗೂ ಒಂದೇ ಹೊತ್ತು ಊಟ.

"ಚಲೋ ಆತು. ಒಂದು ಉಪಾಸ ಬಿಡಸಂತ ದೇವರಿಗಿ ಹೇಳಾಕ ಹೋಗಿ ಎರಡು ಉಪಾಸ ಮಾಡಿದ್ರಿ" ಅಂದಳು ನಮ್ಮಾಕಿ.

ಕಾಶಿಯಿಂದ ಫೋನು

ನಾಲ್ಕು ವರ್ಷದಲ್ಲಿ ಅಳಿಯ ನಾನಾಗಿ ಮಾಡಿದರೆ ಮಾತ್ರ ಫೋನಿನಲ್ಲಿ ಸಿಗುತ್ತಿದ್ದ. ಈಗ ದಿನಾ ಸಂಜೆ ಅವನದೇ ಫೋನು. ಸುಳ್ಳು ಹೇಳುವುದು ನನಗೆ ಆಗದು, ನಿಜ ಹೇಳಿದರೆ ಮಗಳಿಗೆ ಆಗದು. ಹಾಗಾಗಿ ಅವನು ಕೇಳಿದ್ದಕ್ಕೆ, "ಮಲಗೇದಪಾ" ಅನ್ನುತ್ತಿದ್ದೆ. ಸತ್ಯವೇ. ಬಂದಾಗಿನಿಂದ ಅದು ಬೇರೆ ಏನನ್ನೂ ಮಾಡಿರಲಿಲ್ಲ.

ಆರನೆಯ ದಿನ ಬೀಗತಿ ಮಗನ ಕೈಯಿಂದ ಫೋನು ಕಿತ್ತುಕೊಂಡು, "ಮಾರಿ ತೋರಸ್ರಿ" ಅಂದರು. ನಾನು ಫೋನು ನನ್ನ ಮುಖಕ್ಕೆ ಹಿಡಿದೆ.

"ನಿಮ್ಮದಲ್ರಿ, ಅದರದ್ದು!"

ತೋರಿಸಿದೆ.

"ಅಯ್ಯ, ಯಾಕ ಇಷ್ಟು ಕರ್ರಗ ಆಗ್ಯದ? ನಮ್ಮ ಮನ್ಯಾಗ ಬಂಗಾರದ ಬಣ್ಣ ಇತ್ತು. ಬಿಡ್ರಿ, ನಿಮ್ಮ ಮಗಳೂ ನಮ್ಮ ಮನಿಗಿ ಬಂದ ಮ್ಯಾಲ ಅಲ್ಲೇನು ಬೆಳ್ಳಗ ಆಗಿದ್ದು?"

ಗಂಗೆಯ ದಂಡೆಯಲ್ಲಿ ನಿಂತು ಆಡಿದ ಮಾತು. ಗಂಗೆಯಲ್ಲಿ ಮುಳುಗಿದರೆ ಪಾಪ ಹೋಗುತ್ತದೆಂದು ಕೇಳಿದ್ದೇನೆ. ನಾಲಿಗೆಯನ್ನು ಹೊರಗಿಟ್ಟು ಮುಳುಗಿದರೆ ಹೇಗೋ ಗೊತ್ತಿಲ್ಲ.

ದನದ ದವಾಖಾನೆ

ಏಳನೆಯ ದಿನ ಪೆಟ್ಟಿಗೆ ಹೊತ್ತುಕೊಂಡು ದನದ ದವಾಖಾನೆಗೆ ಹೋದೆ. ಎಲ್ಲಿಯದೆಂದು ಕೇಳಬೇಡಿ, ಹೋಗಿ ಬಂದು ಮಾಡಬೇಕು. ಕಂಪೌಂಡರ್ ರಿಜಿಸ್ಟರ್ ತೆರೆದ.

"ಎಮ್ಮೆ, ಆಕಳ, ಕುರಿ, ಆಡು, ಕೋಳಿ. ಇಷ್ಟ ಖಾನೆ ಅದಾವ. ಇದು ತತ್ತಿ ಇಡ್ತದೇನು?"

"ಇದರ ಜಾತಿ ಇಡ್ತದಂತರಿ."

"ಹಂಗಾರ ಕೋಳಿ" ಎಂದು ಬರೆದುಕೊಂಡ.

ಡಾಕ್ಟರು ಎರಡು ಮಾರು ದೂರದಲ್ಲೇ ನಿಂತು ವಿಚಾರಿಸಿದರು. "ಮೆಲುಕು ಹಾಕ್ತದೇನು?"

"ಇಲ್ರಿ."

"ಎಷ್ಟು ದಿನದಿಂದ?"

"ಹುಟ್ಟಿದಾಗಿಂದರಿ."

ಅವರು ತಲೆಯಾಡಿಸಿ, "ಕೇಸು ಹಳೇದದ" ಎಂದು ಒಂದು ದೊಡ್ಡ ಬಾಟಲಿ ಔಷಧ ಕೊಟ್ಟರು. ಎಷ್ಟು ಕುಡಿಸಬೇಕು ಅಂದೆ.

"ಎಮ್ಮಿಗಿ ಅರ್ಧ ಬಾಟ್ಲಿ. ಇದು ಎಮ್ಮಿಗಿಂತ ಎಷ್ಟು ಪಟ್ಟು ಸಣ್ಣದು ಅಂತ ನೀವ ಲೆಕ್ಕ ಹಾಕಿ ಕುಡಸ್ರಿ."

ಹಳ್ಳಿ ಶಾಲೆಯಲ್ಲಿ ಏಳನೆಯ ಇಯತ್ತೆ ತನಕ ಕಲಿತವನು ನಾನು; ಭಾಗಾಕಾರ ಬರುತ್ತದೆ. ಮನೆಗೆ ಬಂದು ಪಾಟಿಯ ಮೇಲೆ ಮಾಡಿ ನೋಡಿದರೆ ಒಂದು ಹನಿಯೂ ಪೂರ್ತಿ ಬರಲೊಲ್ಲದು. ಬಾಟಲಿಯನ್ನು ಪಕ್ಕದ ಮನೆಯ ಎಮ್ಮೆಗೆ ಕೊಟ್ಟೆವು. ಅದು ಮರುದಿನ ಬಹಳ ಚೆನ್ನಾಗಿ ಮೇಯಿತು. ಡಾಕ್ಟರ ಕೈಗುಣದ ಬಗ್ಗೆ ನಾನು ಎರಡು ಮಾತಾಡುವುದಿಲ್ಲ.

ಹಲ್ಲಿ ಶಾಸ್ತ್ರ

ದವಾಖಾನೆಯಿಂದ ಬರುವಾಗ ಆ ಪ್ರಾಣಿ ಹೇಗೋ ಪೆಟ್ಟಿಗೆಯಿಂದ ಹೊರಬಂದು ನನ್ನ ಬಲಭುಜ ಏರಿ ಕುಳಿತಿತ್ತು. ನನಗೆ ಜೀವ ತಡೆಯಲಿಲ್ಲ. ಒಂದು ತೆಂಗಿನಕಾಯಿ ಹಿಡಿದು ಪಂಚಾಂಗ ನೋಡುವ ಅಜ್ಜನ ಹತ್ತಿರ ಹೋದೆ.

"ಬಲಭುಜದ ಮ್ಯಾಲ ಹಲ್ಲಿ ಕುಂತ್ರ ಏನ್ರಿ ಅಜ್ಜಾರ?"

"ಬಿತ್ತೋ, ಏರಿತೋ?"

"ಏರಿತ್ರಿ."

"ನಮ್ಮ ಕಡಿದೋ?"

"ಆಸ್ಟ್ರೇಲಿಯಾದ್ದಂತರಿ."

ಅಜ್ಜ ಪಂಚಾಂಗ ಮುಚ್ಚಿದ. "ನಮ್ಮ ಹಲ್ಲಿ ಆಗಿದ್ರ ಜಯ ಅಂತಿದ್ದೆ. ಇದು ಭೂಮಿಯ ಕೆಳಗಿನ ಮಗ್ಗಲದ್ದು. ಇದರ ಫಲಾ ಆ ದೇಶದವರಿಗೆ ಹೋಗ್ತದ."

"ಹಂಗಾರ ಈ ಕಾಯಿ?"

"ಕಾಯಿ ಇಲ್ಲೇ ಇರಲಿ" ಎಂದು ತೆಗೆದಿಟ್ಟುಕೊಂಡ.

ಸೊಪ್ಪಿನಾಕಿ

ಒಂಬತ್ತನೆಯ ದಿನ ಮುಂಜಾನೆ ಕಕ್ಕೇರಾ ಕಡೆಯ ಸೊಪ್ಪು ಮಾರುವ ಹೆಂಗಸು ಬುಟ್ಟಿ ಇಳಿಸಿ, ನೀರು ಕೇಳಿ ಪಡಸಾಲೆಗೆ ಬಂದಳು. ಕೂಲರಿನ ಮುಂದೆ ಗೋಣಿತಟ್ಟು ಹೊದ್ದು ಕುಳಿತ ಅತಿಥಿಯನ್ನು ಕಂಡವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ಯಪ್ಪಾ, ಇದಕ್ಕ ಥಂಡಿ ಹತ್ತ್ಯಾದ!"

"ಈ ಬ್ಯಾಸಗ್ಯಾಗ ಥಂಡಿ ಎಲ್ಲಿಂದ ಬಂತವ್ವಾ?"

"ಓತಿಕ್ಯಾತ ನೆರಳಿಗಿ ಕುಂತಿದ್ದು ಯಾವಾಗರೆ ನೋಡೀರೇನು? ಮುಂಜಾನೆದ್ದು ಬೇಲಿ ಮ್ಯಾಲ, ಬಂಡಿಗಲ್ಲ ಮ್ಯಾಲ ಬಿಸಿಲು ಕಾಯ್ಸಕೋತ ಕುಂದರ್ತದ. ಮೈ ಕಾದ ಮ್ಯಾಲ ಅದರ ಹೊಟ್ಟಿ ತೆರೀತದ. ನೀವು ಅದನ್ನ ಬೀಗತಿ ಮಾಡಿ ಕೂಲರ್ ಮುಂದ ಕುಂದರಿಸೀರಿ!"

ಆಗ ನನಗೆ ಜಗಲಿಯ ಮೇಲಿನ ಹಾಳೆ ನೆನಪಾಯಿತು. ಒಂಬತ್ತು ದಿನದ ವಿಭೂತಿ ಕೊಡವಿ ಓದಿದೆ. ಮೊದಲ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದ: "ಕೂಲರ್ ಹತ್ತಿರ ಇಡಬ್ಯಾಡ್ರಿ. ದೀಪ ಹಗಲೆಲ್ಲಾ ಉರೀಬೇಕು. ತಂಪಾದ್ರ ಹೊಟ್ಟಿ ನಡಿಯೂದಿಲ್ಲ, ಉಣ್ಣೂದಿಲ್ಲ." ಎರಡನೆಯದು: "ಎದುರಿಗಿ ನಿಂತು ಒತ್ತಾಯ ಮಾಡಬ್ಯಾಡ್ರಿ. ಇಟ್ಟು ಬಿಟ್ಟು ಹೋಗ್ರಿ. ತಾನ ತಿಂತದ."

ನಾವು ಮಾಡಿದ ಉಪಚಾರವನ್ನೆಲ್ಲ ಒಂದೊಂದಾಗಿ ಬೇಡ ಎಂದು ಬರೆದ ಹಾಗಿತ್ತು. ನಾನು ಅದಕ್ಕೇ ದಿನಾ ಕೈ ಮುಗಿದಿದ್ದೆ.

ಅತಿಥಿಯನ್ನು ಅಂಗಳದ ಶಹಾಬಾದಿ ಕಲ್ಲಿನ ಫರಸಿಯ ಮೇಲೆ ಎಳೆಬಿಸಿಲಿಗೆ ಇಟ್ಟೆವು. ಗಳಿಗೆ ಕಳೆಯುವುದರಲ್ಲಿ ಕಪ್ಪು ಇಳಿದು ಹಳದಿ ಏರಿತು. ಒಂದು ಕಣ್ಣು ತೆರೆಯಿತು, ಆಮೇಲೆ ಇನ್ನೊಂದು. ನಾನು ಪೂಜೆಗೆಂದು ಬಿಡಿಸಿ ಪಕ್ಕದಲ್ಲಿಟ್ಟಿದ್ದ ದಾಸವಾಳದ ತಟ್ಟೆಗೆ ನಡೆದು ಹೋಗಿ ಐದು ಹೂವನ್ನೂ ತಿಂದಿತು. ಆಮೇಲೆ ಎಲ್ಲಿಂದಲೋ ಒಂದು ಮಿಡತೆ ಹಾರಿ ಬಂದು ಅದರ ಮುಂದೆ ಕುಳಿತಿತು. ಮುಂದೇನಾಯಿತೋ ತಿಳಿಯದು, ನಾನು ಗೋಡೆಯ ಕಡೆ ತಿರುಗಿ ಪಂಚಾಕ್ಷರಿ ಜಪಿಸುತ್ತಿದ್ದೆ. ಮುಗಿಸಿ ತಿರುಗಿದಾಗ ಮಿಡತೆ ಇರಲಿಲ್ಲ.

ಹರಕೆ ತೀರಿತು. ಆ ರಾತ್ರಿ ನಾಲ್ಕು ರೊಟ್ಟಿ ಉಂಡೆ. ನಮ್ಮಾಕಿ ಆ ಎರಡು ಹಾಳೆಗಳನ್ನು ಮತ್ತೆ ಮತ್ತೆ ಓದುತ್ತಿದ್ದಳು. ಯಾಕೆಂದು ಆಗ ನನಗೆ ಹೊಳೆಯಲಿಲ್ಲ.

ಹಾಳೆಯಲ್ಲಿ ಬರೆದ ಹಾಗೆ

ಹದಿನೈದನೆಯ ದಿನ ನಾಲ್ವರೂ ಯಾದಗಿರಿ ಸ್ಟೇಷನ್ನಿನಿಂದ ನೇರ ನಮ್ಮ ಮನೆಗೇ ಬಂದರು. ಬೀಗತಿ ಗಂಗೆಯ ತಂಬಿಗೆ ನನ್ನ ಕೈಗಿಟ್ಟು, ನೆಟ್ಟಗೆ ಹೋಗಿ ಕೂಲರಿನ ಮುಂದೆ ಕುಳಿತರು.

ಒಳಗಿನಿಂದ ನಮ್ಮಾಕಿ ಕಣ್ಣು ಸನ್ನೆ ಮಾಡಿದಳು. ನಾನು ಸ್ವಿಚ್ಚು ಒತ್ತಿದೆ. ಕೂಲರ್ ನಿಂತಿತು.

"ಕರೆಂಟ್ ಹೋತ್ರಿ ಅಕ್ಕಾರ" ಅಂದಳು ನಮ್ಮಾಕಿ. ಸುಳ್ಳು ಹೇಳಿದವಳು ಆಕೆ. ನಾನು ಸ್ವಿಚ್ಚು ಒತ್ತಿದ್ದಷ್ಟೇ.

ಬೀಗತಿ ಪೆಟ್ಟಿಗೆಯ ಕಡೆ ಬೊಟ್ಟು ಮಾಡಿದರು. ಅಲ್ಲಿ ಎರಡು ದೀಪವೂ ಧಗಧಗ ಉರಿಯುತ್ತಿದ್ದವು. "ಮತ್ತ ಅದಕ್ಕ ಅದಲ್ಲ ಕರೆಂಟು?"

"ಅದಕ್ಕ ಇರಬೇಕಂತ ನಿಮ್ಮ ಮಗ ಬರದು ಕೊಟ್ಟಾನ್ರಿ. ನಿಮ್ಮದೇನೂ ಬರದಿಲ್ಲ" ಎಂದು ನಮ್ಮಾಕಿ ತಣ್ಣಗೆ ಹೇಳಿ, ಅಂಗಳದ ಕಡೆಯ ಬಾಗಿಲಲ್ಲಿ, ಕಾದ ಫರಸಿಯ ಪಕ್ಕಕ್ಕೆ ಬೀಗತಿಗೆ ಬೇರೆಯಾಗಿ ಊಟದ ಮಣೆ ಹಾಕಿದಳು. ಒಂದು ಹೋಳಿಗೆ ಬಡಿಸಿ, ಹೋಳಿಗೆಯ ಬುಟ್ಟಿಯನ್ನೂ ತುಪ್ಪದ ಗಿಂಡಿಯನ್ನೂ ಕೈಗೆಟಕುವಂತಿಟ್ಟು ಒಳಗೆ ಬಂದಳು. ನಾನು ರೂಢಿಯಂತೆ, "ಇನ್ನೊಂದು..." ಎನ್ನುತ್ತ ಹೊರಟವನ ಧೋತರದ ಚುಂಗು ಹಿಡಿದೆಳೆದಳು.

"ಎದುರಿಗಿ ನಿಂದರಬ್ಯಾಡ್ರಿ."

ಬಾಗಿಲ ಸಂದಿಯಿಂದ ನೋಡಿದೆವು. ಬೀಗತಿ ಎರಡು ತುತ್ತು ಉಂಡರು. "ಸಾಕ್ರಿ, ಹಸಿವಿಲ್ಲ" ಎಂದು ಕೈ ಅಡ್ಡ ಹಿಡಿದರು. ಬಡಿಸುವವರೇ ಇಲ್ಲ. ಕೈ ಹಾಗೇ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತಿತು. ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು. ಹಣೆಯ ಬೆವರು ಒರೆಸಿದರು. ಆಮೇಲೆ ಅಡ್ಡ ಹಿಡಿದಿದ್ದ ಅದೇ ಕೈ ಮೆಲ್ಲಗೆ ಬುಟ್ಟಿಯ ಕಡೆ ನಡೆಯಿತು. ಎರಡನೆಯ ಹೋಳಿಗೆ. ಮೂರನೆಯದು. ನಾಲ್ಕನೆಯದಕ್ಕೆ ತುಪ್ಪದ ಗಿಂಡಿಯನ್ನೇ ಬಗ್ಗಿಸಿಕೊಂಡರು.

ಹೊರಡುವಾಗ ಅಳಿಯ ಗಾಡಿಗೆ ಪೆಟ್ಟಿಗೆ ಏರಿಸಿ ನನ್ನನ್ನು ಪಕ್ಕಕ್ಕೆ ಕರೆದ. ಕಣ್ಣು ಅರಳಿದ್ದವು.

"ಮಾವಾರ, ಅವ್ವ ನಾಕು ಹೋಳಿಗಿ ಉಂಡಾಳ! ನಮ್ಮ ಮನ್ಯಾಗ ಸುದ್ದಾ ಇಷ್ಟು ಉಣ್ಣೂದಿಲ್ಲ. ಅದೇನು ಮಾಡಿದ್ರಿ?"

ಸುಳ್ಳು ನನ್ನ ಬಾಯಲ್ಲಿ ಬರುವುದಿಲ್ಲ. "ನಮ್ಮದೇನದಪಾ? ನೀ ಬರದು ಕೊಟ್ಟಂಗ ಮಾಡಿದ್ವಿ."

ಅಳಿಯನಿಗೆ ತಿಳಿಯಲಿಲ್ಲ. ಅವನ ಹಿಂದೆ ನಿಂತ ಮಗಳ ಕೈಗೆ ನಮ್ಮಾಕಿ ಅರಿಶಿನ ಕುಂಕುಮದ ಜೊತೆ ಆ ಎರಡು ಹಾಳೆಗಳನ್ನೂ ಮಡಿಸಿ ಇಟ್ಟಳು.

"ಜತನ ಮಾಡವ್ವ. ಇದರಾಗ ಎಲ್ಲಾ ಬರದಾನ ನಿನ್ನ ಗಂಡ. ನಿಮ್ಮ ಅತ್ತಿ ಊಟಕ್ಕ ಕುಂದರೂದರಾಗ ಒಮ್ಮೆ ಓದು."